ಗೊತ್ತಿಲ್ಲದ ಸಾಲನ್ನು ಖಾಲಿ ಬಿಡಿ: ಕೆಲಸಕ್ಕೆ ಸೇರೋ ಮುಂಚಿನ ಒಂದು ಪಾಠ



ಪ್ಲೇಸ್‌ಮೆಂಟ್ ಟ್ರೇನಿಂಗ್ ಅಂದ್ರೆ ಏನೇನು ಹೇಳಿಕೊಡ್ತಾರೆ ಅಂತ ನಿಮಗೂ ಗೊತ್ತು. ಶರ್ಟ್ ಇನ್ ಮಾಡಿ, ಶೂ ಪಾಲಿಶ್ ಮಾಡಿ, ಎದುರಿಗಿರೋರ ಮುಖ ನೋಡಿ ಮಾತಾಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತ್ಕೊಳ್ಳಿ. ಇದೆಲ್ಲ ಬೇಡ ಅಂತ ನಾವು ಹೇಳ್ತಿಲ್ಲ. ಆದರೆ ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ನಾವು ಮೂವರು ಗೆಳೆಯರು ಒಂದು ಸಣ್ಣ ಕಂಪನಿಗೆ ನಾಲ್ಕು ವಾರ ಇಂಟರ್ನ್‌ಶಿಪ್‌ಗೆ ಹೋಗಿದ್ದೆವು. ಅಲ್ಲಿ ಯಾರೂ ನಮ್ಮ ಶೂ ನೋಡಲಿಲ್ಲ. ನೋಡಿದ್ದು ನಾವು ತುಂಬಿಸಿದ ಒಂದು ಎಕ್ಸೆಲ್ ಶೀಟನ್ನು. ಆ ಶೀಟಿನ ಕಥೆಯಿಂದಲೇ ಈ ಪಾಠ ಶುರು ಮಾಡ್ತೀವಿ. ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ ಆಗತ್ತೆ, ಆದರೂ ಹೇಳ್ತೀವಿ.

48 ಬೋರ್ಡುಗಳು

ಆ ಕಂಪನಿಯವರು ಸಣ್ಣ ಪವರ್ ಸಪ್ಲೈ ಬೋರ್ಡುಗಳನ್ನು ಮಾಡ್ತಾರೆ. ಆ ವಾರ ತಯಾರಾಗಿದ್ದು 48 ಬೋರ್ಡು. ಎಲ್ಲವೂ 5 ವೋಲ್ಟ್ ಕೊಡಬೇಕಾದವು. ಹಳ್ಳಿಯ ಹಾಲಿನ ಡೇರಿಗಳಲ್ಲಿ ಇಡೋ ತೂಕದ ಮಷಿನ್ ಒಳಗೆ ಕೂರಿಸೋಕೆ ಅಂತ ಇನ್ನೊಂದು ಕಂಪನಿ ಆರ್ಡರ್ ಕೊಟ್ಟಿತ್ತು. ನಮ್ಮ ಕೆಲಸ ಸುಲಭದ್ದು. ಒಂದೊಂದು ಬೋರ್ಡನ್ನೂ ಟೆಸ್ಟ್ ಬೆಂಚಿಗೆ ಜೋಡಿಸಿ, ಲೋಡ್ ಇಲ್ಲದಾಗ ಎಷ್ಟು ವೋಲ್ಟ್, ಪೂರ್ತಿ ಲೋಡ್ ಹಾಕಿದಾಗ ಎಷ್ಟು ವೋಲ್ಟ್ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ ಶೀಟಿನಲ್ಲಿ ಬರೀಬೇಕು. ಸಂಜೆ ಐದಕ್ಕೆ ಶೀಟನ್ನು ಅಲ್ಲಿನ ಎಂಜಿನಿಯರ್ ಸರ್‌ಗೆ ಕೊಡಬೇಕು. ಅವರು ಅದನ್ನು ನೋಡಿ ಸಹಿ ಹಾಕಿದ ಮೇಲೆ ಮಾಲು ಹೊರಗೆ ಹೋಗತ್ತೆ.

36 ಬೋರ್ಡು ಮುಗೀತು. ಆಗ ಮೀಟರಿನ ಪರದೆ ಮೇಲೆ ಬ್ಯಾಟರಿ ಚಿಹ್ನೆ ಮಿನುಗೋಕೆ ಶುರುವಾಯ್ತು. ಬ್ಯಾಟರಿ ಇಳಿದಾಗ ಮೀಟರ್ ತೋರಿಸೋ ಅಂಕಿಯನ್ನು ನಂಬೋ ಹಾಗಿಲ್ಲ ಅಂತ ನಮಗೂ ಗೊತ್ತಿತ್ತು. ಸ್ಟೋರ್‌ನವರು ಊಟಕ್ಕೆ ಹೋದೋರು ವಾಪಸ್ ಬಂದಿರಲಿಲ್ಲ. ಬೆಂಚಿನ ಪಕ್ಕ ಇದ್ದ ಟೆಕ್ನಿಷಿಯನ್ ಅಣ್ಣನನ್ನು ಕೇಳೋಕೆ ನಮಗೆ ಸಂಕೋಚ, ಆಗಲೇ ಬೆಳಗ್ಗಿಂದ ಐದಾರು ಸಲ ಕೇಳಿದ್ವಿ. ಗಂಟೆ ನಾಲ್ಕೂವರೆ. ಮೇಲಿನ 36 ಸಾಲು ನೋಡಿದ್ರೆ ಎಲ್ಲ ಹತ್ತಿರ ಹತ್ತಿರವೇ ಇದೆ. 5.02, 4.97, 5.01, 4.96. "ಇನ್ನೇನು ಉಳಿದಿದ್ದೂ ಹಂಗೇ ಬರತ್ತೆ ಬಿಡೋ" ಅಂದ್ಕೊಂಡು ಉಳಿದ 12 ಸಾಲು ನಾವೇ ತುಂಬಿಸಿದ್ವಿ. ಎಲ್ಲ ಒಂದೇ ಥರ ಇದ್ರೆ ಅನುಮಾನ ಬರತ್ತೆ ಅಂತ ಅಂಕಿಗಳನ್ನು ಸ್ವಲ್ಪ ಹಿಂದೆ ಮುಂದೆ ಕೂಡ ಮಾಡಿದ್ವಿ. ಐದಕ್ಕೆ ಸರಿಯಾಗಿ ಶೀಟ್ ಕೊಟ್ವಿ. ಸರ್ "ಗುಡ್" ಅಂದ್ರು.

ಮಾರನೇ ದಿನ ಬೆಳಗ್ಗೆ ಸರ್ ಶೀಟ್ ಹಿಡ್ಕೊಂಡು ಬೆಂಚಿನ ಹತ್ರ ಬಂದ್ರು. "39 ಮತ್ತೆ 44, ಇವೆರಡು ಬೋರ್ಡಲ್ಲಿ ಲೋಡ್ ಹಾಕಿದ ಮೇಲೆ ವೋಲ್ಟೇಜ್ ಜಾಸ್ತಿ ಆಗಿದೆಯಲ್ಲ, ಇದನ್ನ ಅಳತೆ ಮಾಡಿದ್ದು ಯಾರಪ್ಪ?" ಅಂತ ಕೇಳಿದ್ರು. ಆ ಥರದ ಬೋರ್ಡಿಗೆ ಲೋಡ್ ಹಾಕಿದ್ರೆ ವೋಲ್ಟೇಜ್ ಸ್ವಲ್ಪ ಇಳೀಬೇಕು, ಏರೋದಿಲ್ಲ. ಬೇಸಿಕ್ ಎಲೆಕ್ಟ್ರಾನಿಕ್ಸ್‌ನಲ್ಲಿ ಇದನ್ನೇ ಓದಿ ಮಾರ್ಕ್ಸ್ ತೆಗೆದುಕೊಂಡವರು ನಾವು. ಅಂಕಿ ಹಿಂದೆ ಮುಂದೆ ಮಾಡುವಾಗ ಅದೇ ಮರೆತುಹೋಗಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಕೊನೆಗೆ ನಮ್ಮಲ್ಲೊಬ್ಬ ಬಾಯಿಬಿಟ್ಟ: "ಸರ್, ಕೊನೆಯ 12 ಅಳತೆ ಮಾಡಿಲ್ಲ."

ಬೈತಾರೆ ಅಂದ್ಕೊಂಡಿದ್ವಿ. ಅವರು ಬೈಲಿಲ್ಲ. "12 ಸಾಲು ಖಾಲಿ ಬಿಟ್ಟಿದ್ರೆ 12 ಬೋರ್ಡು ಅಳೀಬೇಕಿತ್ತು. ಈಗ 48ನ್ನೂ ಅಳೀಬೇಕು" ಅಂದ್ರು. ಅಷ್ಟೇ.

ಬೋರ್ಡಿಗೆ ಐದು ನಿಮಿಷ ಅಂದ್ರೆ 12ಕ್ಕೆ ಒಂದು ಗಂಟೆ. 48ಕ್ಕೆ ನಾಲ್ಕು ಗಂಟೆ. ಅವತ್ತು ಹೋಗಬೇಕಿದ್ದ ಮಾಲು ಹೋಗಲಿಲ್ಲ. ಟೆಕ್ನಿಷಿಯನ್ ಅಣ್ಣ ತಮ್ಮ ಕೆಲಸ ಬಿಟ್ಟು ನಮ್ಮ ಜೊತೆ ಕೂತರು. ನಾವು ತುಂಬಿಸಿದ್ದ ಆ 12ರಲ್ಲಿ ಒಂದು ಬೋರ್ಡು, ಶೀಟಿನಲ್ಲಿ 4.97 ಅಂತ ಇದ್ದದ್ದು, ಲೋಡ್ ಹಾಕಿದಾಗ ನಿಜವಾಗಿ 4.61ಕ್ಕೆ ಇಳೀತು. ಒಂದು ಕಡೆ ಸೋಲ್ಡರ್ ಸರಿಯಾಗಿ ಕೂತಿರಲಿಲ್ಲ. ಆ ಎರಡು ತಪ್ಪು ಸಾಲು ಸರ್ ಕಣ್ಣಿಗೆ ಬೀಳದೇ ಇದ್ದಿದ್ರೆ ಅದು ಯಾವುದೋ ಊರಿನ ಡೇರಿಗೆ ಹೋಗಿ ಕೂರ್ತಿತ್ತು. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರ ಮುಂದೆ ಮಷಿನ್ ಕೈಕೊಡ್ತಿತ್ತು.

ಹಾಗಾದ್ರೆ ವೃತ್ತಿಯ ನಡತೆ ಅಂದ್ರೆ ಏನು?

ಆಮೇಲೆ ನಾವು ಮೂವರೂ ಇದನ್ನು ಬಹಳ ಸಲ ಮಾತಾಡಿಕೊಂಡಿದ್ದೀವಿ. ನಮಗೆ ಅರ್ಥವಾಗಿದ್ದು ಇಷ್ಟು. ಕಾಲೇಜಿನಲ್ಲಿ ನಾವು ಬರೆದದ್ದು ನಮ್ಮ ಮಾರ್ಕ್ಸಿಗೆ ಮಾತ್ರ ಸಂಬಂಧಪಟ್ಟದ್ದು. ಕೆಲಸದಲ್ಲಿ ಹಾಗಲ್ಲ. ನಾವು ಹೇಳಿದ ಮಾತನ್ನು ನಂಬಿಕೊಂಡು ಇನ್ನೊಬ್ಬರು ಮುಂದಿನ ಕೆಲಸ ಮಾಡ್ತಾರೆ. ಅವರ ಕೆಲಸ ನಂಬಿಕೊಂಡು ಮತ್ತೊಬ್ಬರು. ಹಾಗಾಗಿ ಆಫೀಸಿನ ಶಿಷ್ಟಾಚಾರ ಅನ್ನೋ ಎಲ್ಲ ನಿಯಮಗಳ ಹಿಂದೆಯೂ ಇರೋದು ಒಂದೇ ಪ್ರಶ್ನೆ: ನನ್ನ ಮಾತನ್ನು ಇವರು ನಂಬಿ ಮುಂದುವರಿಯಬಹುದಾ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮನೆಯಲ್ಲಿ ಅಜ್ಜಿ ಹೇಳ್ತಿದ್ದದ್ದು ಇದನ್ನೇ ಇರಬೇಕು. 12 ಸಾಲು ಸುಳ್ಳು ಅಂತ ಗೊತ್ತಾದ ಕೂಡಲೇ, ನಿಜವಾಗಿ ಅಳೆದ 36 ಸಾಲಿಗೂ ಬೆಲೆ ಹೋಯ್ತಲ್ಲ!

ಈ ಒಂದು ಪ್ರಶ್ನೆ ಇಟ್ಕೊಂಡು ಉಳಿದ ನಿಯಮಗಳನ್ನು ನೋಡೋಣ.

1. "ಗೊತ್ತಿಲ್ಲ" ಅನ್ನೋದನ್ನು ಪೂರ್ತಿ ಹೇಳಿ

ಹೊಸಬರಿಗೆ ಎಲ್ಲ ಗೊತ್ತಿರಬೇಕು ಅಂತ ಯಾರೂ ಅಂದುಕೊಳ್ಳಲ್ಲ. ಆದರೆ ಬರೀ "ಗೊತ್ತಿಲ್ಲ ಸರ್" ಅಂತ ಹೇಳಿ ಸುಮ್ಮನೆ ನಿಂತರೆ ಎದುರಿನವರಿಗೆ ಏನೂ ಸಿಗಲ್ಲ. "ಗೊತ್ತಿಲ್ಲ ಸರ್. ಡೇಟಾಶೀಟ್ ನೋಡಿ ಮಧ್ಯಾಹ್ನ ಎರಡು ಗಂಟೆಗೆ ಹೇಳ್ತೀನಿ" ಅನ್ನಿ. ಎರಡು ಗಂಟೆಗೆ ಗೊತ್ತಾಗಿರಲಿ, ಬಿಡಲಿ, ಹೋಗಿ ಹೇಳಿ. ಗೊತ್ತಾಗಿಲ್ಲ ಅಂದ್ರೆ "ಇಷ್ಟು ನೋಡಿದೆ, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ" ಅಂತಲಾದರೂ ಹೇಳಿ.

ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಯಾರಿಗಾದ್ರೂ ಬೇಸರ ಬರತ್ತೆ. ಅದಕ್ಕೇ ಜೇಬಲ್ಲಿ ಒಂದು ಸಣ್ಣ ಪುಸ್ತಕ, ಪೆನ್ನು ಇರಲಿ. ಕೇಳಿದ್ದನ್ನು ಅಲ್ಲೇ ಬರ್ಕೊಳ್ಳಿ. ನಮಗೆ ಟೆಕ್ನಿಷಿಯನ್ ಅಣ್ಣನನ್ನು ಏಳನೇ ಸಲ ಕೇಳೋಕೆ ಸಂಕೋಚ ಆಗಿದ್ದು ಯಾಕೆ? ಮೊದಲ ಆರು ಸಲದಲ್ಲಿ ಒಂದನ್ನೂ ಬರೆದುಕೊಂಡಿರಲಿಲ್ಲ. ಅದಕ್ಕೇ.

ಇನ್ನೊಂದು ಮಾತು. ನಮ್ಮಲ್ಲಿ ಸುಮಾರು ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಅರ್ಥ ಆಗದೇ ಇದ್ದರೂ "ಯೆಸ್ ಸರ್, ಓಕೆ ಸರ್" ಅನ್ನೋದು ನಮಗೆ ಬಾಯಿಗೆ ಬಂದುಬಿಟ್ಟಿದೆ. "ಓಕೆ" ಅಂದ್ರೆ ಅರ್ಥ ಆಯ್ತು ಅಂತಲೇ ಕೇಳಿದವರು ತಿಳ್ಕೋತಾರೆ. ಅರ್ಥ ಆಗಿದ್ಯಾ ಅಂತ ಪರೀಕ್ಷೆ ಮಾಡಿಕೊಳ್ಳೋಕೆ ಸುಲಭದ ದಾರಿ ಇದೆ. ಅವರು ಹೇಳಿದ್ದನ್ನು ನಿಮ್ಮ ಮಾತಲ್ಲಿ ಒಂದು ಸಲ ವಾಪಸ್ ಹೇಳಿ: "ಅಂದ್ರೆ ನಾನು ಮೊದಲು ಇದನ್ನ ಮಾಡಿ, ಆಮೇಲೆ ಅದನ್ನ ಜೋಡಿಸಬೇಕು, ಅಲ್ವಾ ಸರ್?" ಅವರಿಗೆ ಕನ್ನಡ ಬಂದರೆ ಕನ್ನಡದಲ್ಲೇ ಕೇಳಿ. ನಾವು ಆ ನಾಲ್ಕು ವಾರದಲ್ಲಿ ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಟೆಕ್ನಿಷಿಯನ್ ಅಣ್ಣ ಕನ್ನಡದಲ್ಲಿ ಹೇಳಿಕೊಟ್ಟದ್ದು. ಅವರು ಐಟಿಐ ಓದಿದವರು, ಆ ಬೆಂಚಿನಲ್ಲಿ ನಮ್ಮ ವಯಸ್ಸಿನಷ್ಟೇ ವರ್ಷ ಕೆಲಸ ಮಾಡಿದವರು. ಡಿಗ್ರಿ ನೋಡಿ ಗೌರವ ಅಳೆಯೋಕೆ ಹೋಗಬೇಡಿ.

2. ಕೆಟ್ಟ ಸುದ್ದಿಯನ್ನು ಮೊದಲು ಹೇಳಿ

ತಪ್ಪಾದರೆ ಮೇಲಿನವರು ನಮ್ಮನ್ನು ಬಲಿಕೊಡ್ತಾರೆ ಅನ್ನೋ ಭಯ ಇರತ್ತೆ. ಎಲ್ಲ ಕಡೆಯೂ ಹಾಗಲ್ಲ. ಇದಕ್ಕೆ ನಮಗೆ ತುಂಬ ಇಷ್ಟವಾದ ಉದಾಹರಣೆ ಇಸ್ರೋದ್ದು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಹಾರಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರಾಗಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಹಾರಿಸುವ ಮುಂಚೆ ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿದ್ದರೂ ಮುಂದುವರಿಯುವ ತೀರ್ಮಾನ ತಮ್ಮದೇ ಆಗಿತ್ತು ಅಂತ ಕಲಾಂ ಅವರೇ ಆಮೇಲೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಆವತ್ತು ಪತ್ರಕರ್ತರ ಮುಂದೆ ಹೋಗಿ ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಅವರು ಆಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. 1980ರ ಜುಲೈ 18ರಂದು ಅದೇ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಅವರು ಪತ್ರಕರ್ತರ ಮುಂದೆ ಕಲಾಂ ಅವರನ್ನೇ ಕಳಿಸಿದರು.

ಈ ಕಥೆಯನ್ನು ಎಲ್ಲರೂ ಒಳ್ಳೆಯ ನಾಯಕ ಹೇಗಿರಬೇಕು ಅಂತ ಹೇಳೋಕೆ ಬಳಸ್ತಾರೆ. ನಾವು ಕೆಳಗಿರುವವರ ಕಡೆಯಿಂದ ನೋಡಿದೆವು. ಮೇಲಿನವರು ನಮ್ಮ ಪರವಾಗಿ ಹತ್ತು ಜನರ ಮುಂದೆ ನಿಲ್ಲಬೇಕು ಅಂದ್ರೆ, ಒಳಗೆ ಏನು ಆಗಿದೆ ಅನ್ನೋದು ಅವರಿಗೆ ಪೂರ್ತಿ ಗೊತ್ತಿರಬೇಕು. ಅರ್ಧ ಮುಚ್ಚಿಟ್ಟರೆ ಎಷ್ಟೇ ಒಳ್ಳೆಯವರಾದರೂ ನಮ್ಮನ್ನು ಕಾಪಾಡೋಕೆ ಆಗಲ್ಲ. ತಪ್ಪು ಹೇಳುವಾಗ ಮೂರು ವಿಷಯ ಹೇಳಿ: ಏನಾಗಿದೆ, ಅದರಿಂದ ಯಾವ ಕೆಲಸ ನಿಲ್ಲತ್ತೆ, ಈಗ ನಾನು ಏನು ಮಾಡ್ತಿದ್ದೀನಿ. ಯಾರ ತಪ್ಪು ಅನ್ನೋ ಪುರಾಣ ಆಮೇಲೆ ಇದ್ದೇ ಇದೆ.

3. ಸಮಯದ ಬಗ್ಗೆ ಸುಳ್ಳು ಬೇಡ

ಬೆಂಗಳೂರಲ್ಲಿ "ಐದೇ ನಿಮಿಷ, ಬಂದೆ" ಅಂದ್ರೆ ಇನ್ನೂ ಮನೆಯಲ್ಲಿ ಸಾಕ್ಸ್ ಹುಡುಕ್ತಿದ್ದೀವಿ ಅಂತ ಅರ್ಥ. ಗೆಳೆಯರ ಮಧ್ಯೆ ಇದು ತಮಾಷೆ. ಮೀಟಿಂಗಿನಲ್ಲಿ ಆರು ಜನ ಕಾಯ್ತಿದ್ರೆ ತಮಾಷೆ ಅಲ್ಲ. ತಡ ಆಗೋದು ತಪ್ಪಲ್ಲ, ಟ್ರಾಫಿಕ್ ಎಲ್ಲರಿಗೂ ಗೊತ್ತಿರೋದೇ. "ಬಸ್ ಸಿಕ್ಕಿಹಾಕಿಕೊಂಡಿದೆ, ಇಪ್ಪತ್ತು ನಿಮಿಷ ತಡ ಆಗತ್ತೆ, ನೀವು ಶುರು ಮಾಡಿ" ಅಂತ ಒಂದು ಮೆಸೇಜ್ ಹಾಕಿದರೆ ಅವರು ನಿಮ್ಮನ್ನು ಬಿಟ್ಟು ಕೆಲಸ ಮುಂದುವರಿಸ್ತಾರೆ.

ಕೆಲಸದ ಗಡುವು ಕೂಡ ಹೀಗೇ. ಶುಕ್ರವಾರಕ್ಕೆ ಆಗಲ್ಲ ಅಂತ ಬುಧವಾರವೇ ಗೊತ್ತಾದರೆ ಬುಧವಾರವೇ ಹೇಳಿ. ಬುಧವಾರ ಹೇಳಿದರೆ ಸಹಾಯಕ್ಕೆ ಇನ್ನೊಬ್ಬರನ್ನು ಕೊಡಬಹುದು, ಇಲ್ಲ ಗ್ರಾಹಕರಿಗೆ ಮೊದಲೇ ತಿಳಿಸಬಹುದು. ಶುಕ್ರವಾರ ಸಂಜೆ ಹೇಳಿದರೆ ಯಾರೂ ಏನೂ ಮಾಡೋಕೆ ಆಗಲ್ಲ.

4. ಬರೆಯುವಾಗ ಸ್ಪಷ್ಟವಾಗಿ ಬರೆಯಿರಿ

ಮೇಲ್ ಬರೆಯೋದು ಅಂದ್ರೆ "ರೆಸ್ಪೆಕ್ಟೆಡ್ ಸರ್" ಇಂದ ಶುರು ಮಾಡೋದು ಅಂತ ನಾವು ಅಂದ್ಕೊಂಡಿದ್ವಿ. ನಿಜವಾಗಿ ಬೇಕಾಗಿರೋದು ಬೇರೆ. ವಿಷಯದ ಸಾಲು ಓದಿದರೇ ಸಂಗತಿ ಗೊತ್ತಾಗಬೇಕು. "ಅರ್ಜೆಂಟ್" ಅಂತ ಬರೆದರೆ ಏನೂ ತಿಳಿಯಲ್ಲ, "48 ಬೋರ್ಡುಗಳ ಟೆಸ್ಟ್: 36 ಮುಗಿದಿದೆ, 12 ನಾಳೆ ಬೆಳಗ್ಗೆ" ಅಂತ ಬರೆದರೆ ಮೇಲ್ ತೆರೆಯದೇ ಇದ್ದರೂ ತಿಳಿಯತ್ತೆ. ಮುಖ್ಯ ಮಾತು ಮೊದಲ ಸಾಲಲ್ಲಿ ಇರಲಿ. ಕಳಿಸೋ ಮುಂಚೆ ಅಟ್ಯಾಚ್‌ಮೆಂಟ್ ಇದೆಯಾ ನೋಡಿ. ಎಲ್ಲರಿಗೂ ಹೋಗೋ "ರಿಪ್ಲೈ ಆಲ್" ಒತ್ತೋ ಮುಂಚೆ ಎಲ್ಲರಿಗೂ ಬೇಕಾ ಅಂತ ಯೋಚನೆ ಮಾಡಿ. ಸಿಟ್ಟಲ್ಲಿ ಬರೆದ ಮೇಲನ್ನು ಡ್ರಾಫ್ಟ್‌ನಲ್ಲೇ ಬಿಟ್ಟು ಟೀ ಕುಡಿದು ಬನ್ನಿ.

ಬರವಣಿಗೆಯ ವಿಷಯದಲ್ಲಿ ಒಬ್ಬರನ್ನು ನೆನೆಯಲೇಬೇಕು. ಅಮೆರಿಕದ ಬಾಹ್ಯಾಕಾಶ ನೌಕೆಗಳ ಬೂಸ್ಟರ್ ರಾಕೆಟ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯಲ್ಲಿ ರೋಜರ್ ಬೋಜೊಲೆ ಎಂಬ ಎಂಜಿನಿಯರ್ ಇದ್ದರು. ಬೂಸ್ಟರಿನ ಕೀಲುಗಳನ್ನು ಮುಚ್ಚುವ ಓ-ರಿಂಗ್ ಎಂಬ ರಬ್ಬರ್ ಬಳೆಗಳ ಸಮಸ್ಯೆ ಸರಿಮಾಡದಿದ್ದರೆ ಜೀವಹಾನಿ ಆಗಬಹುದು ಅಂತ 1985ರ ಜುಲೈನಲ್ಲೇ ಅವರು ಮೇಲಧಿಕಾರಿಗೆ ನೇರವಾಗಿ ಬರೆದರು. 1986ರ ಜನವರಿ 27ರ ರಾತ್ರಿ, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಅಂತ ಅವರೂ ಅವರ ಜೊತೆಯ ಎಂಜಿನಿಯರುಗಳೂ ವಾದ ಮಾಡಿದರು. ಆಡಳಿತದವರು ಒಪ್ಪಲಿಲ್ಲ. ಮರುದಿನ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿನಲ್ಲಿ ಚೂರಾಯಿತು. ಏಳು ಜನ ತೀರಿಕೊಂಡರು.

ಅವರ ಬರಹ ಆ ಏಳು ಜನರನ್ನು ಉಳಿಸಲಿಲ್ಲ, ಅದು ನಿಜ. ಸರಿಯಾಗಿ ಹೇಳಿದರೆ ಎಲ್ಲರೂ ಕೇಳೇಬಿಡ್ತಾರೆ ಅಂತ ನಾವು ಭರವಸೆ ಕೊಡೋಕೆ ಆಗಲ್ಲ. ಆದರೆ ದುರಂತದ ತನಿಖೆ ನಡೆದಾಗ ಆ ಬರಹ ಇತ್ತು. ಅಪಾಯ ಮೊದಲೇ ಗೊತ್ತಿತ್ತು ಅನ್ನೋದನ್ನು ಯಾರೂ ಅಲ್ಲಗಳೆಯೋಕೆ ಆಗಲಿಲ್ಲ. ಬೋರ್ಡಿನ ವೋಲ್ಟೇಜ್ ಆಗಲಿ, ರಾಕೆಟ್ಟಿನ ಕೀಲಾಗಲಿ, ಕಂಡದ್ದನ್ನು ಕಂಡ ಹಾಗೆ ಬರೆದಿಡೋದು ಎಂಜಿನಿಯರ್ ಕೆಲಸದ ಒಂದು ಭಾಗ.

5. ರೆಸ್ಯೂಮೆ, ಆಫರ್ ಲೆಟರ್, ಫೋಟೋ

ಈ ಮೂರು ನಮ್ಮ ಸೀನಿಯರ್‌ಗಳಿಗೆ ಈಗಲೇ ಬೇಕು, ನಮಗೆ ಇನ್ನೆರಡು ವರ್ಷದಲ್ಲಿ ಬೇಕು.

ರೆಸ್ಯೂಮೆಯಲ್ಲಿ ಒಂದು ವೀಡಿಯೋ ನೋಡಿದ ಭಾಷೆಯನ್ನೆಲ್ಲ "ಗೊತ್ತು" ಅಂತ ಬರೆಯೋದು ನಾವು 12 ಸಾಲು ತುಂಬಿಸಿದ ಹಾಗೇನೇ. ಸಂದರ್ಶನದಲ್ಲಿ ಅದರಲ್ಲೊಂದು ಹುಸಿ ಅಂತ ಗೊತ್ತಾದರೆ ನಿಜವಾಗಿ ಕಲಿತಿರೋದನ್ನೂ ಅವರು ನಂಬಲ್ಲ. ಚಾಟ್‌ಬಾಟ್ ಬರೆದುಕೊಟ್ಟ ಕೋಡನ್ನು ಓಡಿಸಿ ನೋಡದೆ, ಕೊಟ್ಟ ಅಂಕಿಯನ್ನು ಪರೀಕ್ಷೆ ಮಾಡದೆ ನಿಮ್ಮ ಹೆಸರಲ್ಲಿ ಕೊಡೋದೂ ಇದೇ ಜಾತಿಗೆ ಸೇರಿದ್ದು. ಕಂಪನಿಯ ಕೋಡು, ಗ್ರಾಹಕರ ಮಾಹಿತಿಯನ್ನು ಕೇಳದೆ ಹೊರಗಿನ ಚಾಟ್‌ಬಾಟಿಗೆ ಹಾಕಲೂ ಬೇಡಿ.

ಆಫರ್ ಒಪ್ಪಿಕೊಂಡ ಮೇಲೆ ಮನಸ್ಸು ಬದಲಾಗಬಹುದು. ಮನೆಯ ಪರಿಸ್ಥಿತಿ ಇರತ್ತೆ, ಒಳ್ಳೆಯ ಸಂಬಳ ಸಿಗಬಹುದು, ಉನ್ನತ ಓದಿಗೆ ಸೀಟು ಸಿಗಬಹುದು. ಅದು ನಿಮ್ಮ ಹಕ್ಕು. ಆದರೆ ಫೋನ್ ಎತ್ತದೇ, ಮೇಲಿಗೆ ಉತ್ತರ ಕೊಡದೇ ಸೇರೋ ದಿನ ಕಾಣೆಯಾಗಬೇಡಿ. ತೀರ್ಮಾನ ಆದ ದಿನವೇ ಕಂಪನಿಗೂ ಪ್ಲೇಸ್‌ಮೆಂಟ್ ಆಫೀಸಿಗೂ ತಿಳಿಸಿ. ಆ ಜಾಗ ಸಿಗದೆ ಉಳಿದ ಇನ್ನೊಬ್ಬ ವಿದ್ಯಾರ್ಥಿ ಇದೇ ಕ್ಯಾಂಪಸ್ಸಿನಲ್ಲಿ ಇರಬಹುದು.

ಇನ್ನು ಫೋಟೋ. ಮೊದಲ ದಿನದ ಐಡಿ ಕಾರ್ಡು, ಬೆಂಚು, ಲ್ಯಾಪ್‌ಟಾಪ್ ಎಲ್ಲ ಸ್ಟೇಟಸ್ ಹಾಕೋಕೆ ಆಸೆ ಆಗತ್ತೆ. ಹಿಂದಿನ ಪರದೆ ಮೇಲೆ ಏನಿದೆ ನೋಡಿದ್ದೀರಾ? ಹಾಕಬಹುದಾ ಅಂತ ಒಂದು ಸಲ ಕೇಳಿ. ಕೇಳಿದರೆ ಯಾರೂ ದಡ್ಡ ಅಂದ್ಕೊಳ್ಳಲ್ಲ.

ಕೊನೆಗೆ, ನಮ್ಮ ಲ್ಯಾಬಿಗೆ ವಾಪಸ್

ಒಂದು ವಿಷಯ ಬೇಕಂತಲೇ ಕೊನೆಗೆ ಇಟ್ಕೊಂಡಿದ್ವಿ. ಅವತ್ತು 12 ಸಾಲು ತುಂಬಿಸೋಕೆ ನಮಗೆ ಹತ್ತು ನಿಮಿಷವೂ ಹಿಡೀಲಿಲ್ಲ. ಅಷ್ಟು ಬೇಗ ಹೇಗೆ ಬಂತು? ಅಭ್ಯಾಸ ಇತ್ತು. ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನಲ್ಲಿ ಬರಬೇಕಾದ ಉತ್ತರ ಇಟ್ಕೊಂಡು ಹಿಂದಿನಿಂದ ರೀಡಿಂಗ್ ಲೆಕ್ಕ ಹಾಕಿದವರು ನಾವು. ಸೀನಿಯರ್ ರೆಕಾರ್ಡ್ ನೋಡಿ ಕೊನೆಯ ಅಂಕಿ ಬದಲಾಯಿಸಿ ಬರೆದವರು ನಾವು. ಓದುತ್ತಾ ಇರೋ ನಿಮ್ಮಲ್ಲೂ ಸುಮಾರು ಜನ ಈಗ ನಗ್ತಿದ್ದೀರಿ ಅಂತ ಗೊತ್ತು. ಕಂಪನಿಗೆ ಹೋದ ಮೇಲೆ ಸರಿಯಾಗಿರ್ತೀವಿ ಅಂತ ನಾವೂ ಅಂದ್ಕೊಂಡಿದ್ವಿ. ಕೈ ಮಾತ್ರ ಅಲ್ಲಿಯೂ ಲ್ಯಾಬಿನಲ್ಲಿ ಕಲಿತದ್ದನ್ನೇ ಮಾಡ್ತು.

ಈ ಸೆಮಿಸ್ಟರಿನಲ್ಲಿ ನಾವು ಮೂವರೂ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ. ತೆಗೆಯದ ರೀಡಿಂಗ್ ಬರೆಯೋದಿಲ್ಲ. ಹೋದ ತಿಂಗಳು ಒಂದು ಪ್ರಯೋಗದಲ್ಲಿ ಸಮಯ ಸಾಲದೆ ಎರಡು ಸಾಲು ಉಳೀತು. ಖಾಲಿ ಬಿಟ್ಟು, ಪಕ್ಕದಲ್ಲಿ "ತೆಗೆದಿಲ್ಲ" ಅಂತ ಬರೆದು ತೋರಿಸಿದ್ವಿ. ಮೇಡಂ ಒಂದು ಕ್ಷಣ ನಮ್ಮನ್ನು ನೋಡಿದ್ರು. ಒಂದು ಮಾರ್ಕ್ ಕಟ್ ಮಾಡಿದ್ರು. ಆಮೇಲೆ, "ಗುರುವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರತ್ತೆ, ಬಂದು ತೆಗೆದುಕೊಳ್ಳಿ" ಅಂದ್ರು. ಗುರುವಾರ ಹೋಗಿ ತೆಗೆದ್ವಿ. ಒಂದು ರೀಡಿಂಗ್ ನಾವು ಊಹಿಸಿದ ಹಾಗೇ ಬಂತು. ಇನ್ನೊಂದು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹುಡುಕ್ತಾ ಕೂತಾಗ, ಆ ಪ್ರಯೋಗ ನಮಗೆ ಮೊದಲ ಸಲ ಸರಿಯಾಗಿ ಅರ್ಥ ಆಯ್ತು.

ಹೋದ ಮಾರ್ಕ್ ವಾಪಸ್ ಬರಲಿಲ್ಲ. ಪರವಾಗಿಲ್ಲ. ಮುಂದಿನ ವಾರ ನಿಮ್ಮ ಲ್ಯಾಬಿನಲ್ಲೂ ಒಂದು ಸಲ ಹೀಗೆ ಮಾಡಿ ನೋಡಿ. ಏನಾಯ್ತು ಅಂತ ಕನ್ನಡ ಸಂಘದ ಕೋಣೆಗೆ ಬಂದಾಗ ನಮಗೂ ಹೇಳಿ.